ಬರೋಸಾ ಕಣಿವೆಯ ಗ್ರೆನಾಷ್ ದ್ರಾಕ್ಷಿ ಮತ್ತು ವೈನ್

ಗ್ರೆನಾಷ್ ಕೆಂಪು ವೈನ್ ತಯಾರಿಕೆಗೆ ಬಳಸುವ ಪ್ರಮುಖ ದ್ರಾಕ್ಷಿ ತಳಿಗಳಲ್ಲೊಂದು. ಸ್ಪೇನ್ ದೇಶದಲ್ಲಿ ಇದಕ್ಕೆ ಗರ್ನಾಚಾ ಎಂಬ ಹೆಸರಿದೆ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಅಡಿಲೇಡ್ ನಗರದ ಈಶಾನ್ಯಕ್ಕಿರುವ ಬರೋಸಾ ಕಣಿವೆಯು ಈ ತಳಿಯ ಹಳೆಯ ಬಳ್ಳಿಗಳಿಗೆ ಪ್ರಸಿದ್ಧವಾಗಿದೆ.

ತಳಿಯ ಗುಣಲಕ್ಷಣಗಳು:
ಗ್ರೆನಾಷ್ ಬಿಸಿಲು, ಗಾಳಿ ಹಾಗೂ ನೀರಿನ ಕೊರತೆಯನ್ನು ತಾಳಿಕೊಳ್ಳುವ ತಳಿ. ಕಾಂಡವು ಗಟ್ಟಿಯಾಗಿದ್ದು ನೇರವಾಗಿ ಬೆಳೆಯುವುದರಿಂದ ಚಪ್ಪರ ಅಥವಾ ತಂತಿಯ ಆಸರೆಯಿಲ್ಲದೆ ಗಿಡ್ಡ ಪೊದೆಯಂತೆ ಬೆಳೆಸಬಹುದು. ಹಣ್ಣು ತಡವಾಗಿ ಪಕ್ವವಾಗುತ್ತದೆ. ಸಿಪ್ಪೆ ತೆಳುವಾಗಿರುವುದರಿಂದ ವೈನ್‌ನ ಬಣ್ಣ ತಿಳಿಯಾಗಿರುತ್ತದೆ. ಸಕ್ಕರೆಯ ಅಂಶ ಅಧಿಕವಾಗಿರುವುದರಿಂದ ಮದ್ಯಸಾರದ ಪ್ರಮಾಣ ಹೆಚ್ಚಾಗಿರುತ್ತದೆ.

ಹಿನ್ನೆಲೆ:
ಬರೋಸಾದಲ್ಲಿ 1842ರಿಂದ ಜರ್ಮನ್ ಮೂಲದ ಲುಥೆರನ್ ಕುಟುಂಬಗಳು ನೆಲೆಸಿದವು. 19ನೆಯ ಶತಮಾನದಲ್ಲಿ ಬೇರಿನ ರಸ ಹೀರುವ ಫಿಲಾಕ್ಸೆರಾ ಕೀಟವು ಯುರೋಪಿನ ದ್ರಾಕ್ಷಿ ತೋಟಗಳನ್ನು ನಾಶಪಡಿಸಿತು. ದಕ್ಷಿಣ ಆಸ್ಟ್ರೇಲಿಯಾ ಸರ್ಕಾರವು 1899ರಲ್ಲಿ ಇದರ ತಡೆಗೆ ಕಾಯಿದೆ ರೂಪಿಸಿತು. ಕೀಟವು ರಾಜ್ಯವನ್ನು ಪ್ರವೇಶಿಸದ ಕಾರಣ ಕಸಿ ಮಾಡದೆ ಸ್ವಂತ ಬೇರಿನ ಮೇಲೆಯೇ ನಿಂತ ಪುರಾತನ ಬಳ್ಳಿಗಳು ಇಲ್ಲಿ ಉಳಿದುಕೊಂಡಿವೆ.

ಬಳ್ಳಿ ಕೀಳುವ ಯೋಜನೆ:
20ನೆಯ ಶತಮಾನದ ಬಹುಭಾಗ ಗ್ರೆನಾಷ್ ದ್ರಾಕ್ಷಿಯು ಮದ್ಯಸಾರ ಬೆರೆಸಿ ತಯಾರಿಸುವ ಸಿಹಿ ವೈನ್‌ಗೆ ಬಳಕೆಯಾಗುತ್ತಿತ್ತು. ಜನರ ಅಭಿರುಚಿ ಬದಲಾದಂತೆ ಇದರ ಬೇಡಿಕೆ ಕುಸಿಯಿತು. 1980ರ ದಶಕದಲ್ಲಿ ದ್ರಾಕ್ಷಿಯ ಉತ್ಪಾದನೆ ಬೇಡಿಕೆಯನ್ನು ಮೀರಿದಾಗ, ಬಳ್ಳಿಗಳನ್ನು ಕಿತ್ತುಹಾಕುವ ಬೆಳೆಗಾರರಿಗೆ ಸರ್ಕಾರವೇ ಪರಿಹಾರಧನ ನೀಡಿತು. ನಷ್ಟದಲ್ಲಿದ್ದ ಬೆಳೆಗಾರರಿಗೆ ಇದರಿಂದ ತಾತ್ಕಾಲಿಕ ನೆರವು ದೊರೆಯಿತಾದರೂ ಗ್ರೆನಾಷ್ ಹಾಗೂ ಷಿರಾಜ್ ತಳಿಗಳ ಅನೇಕ ಹಳೆಯ ತೋಟಗಳು ಕಣ್ಮರೆಯಾದವು.

ಪುನಶ್ಚೇತನ:
ಅದೇ ಅವಧಿಯಲ್ಲಿ ಕೆಲವು ವೈನ್ ತಯಾರಕರು ಉಳಿದ ಹಳೆಯ ಬಳ್ಳಿಗಳ ಹಣ್ಣನ್ನು ಖರೀದಿಸಿ ಉತ್ತಮ ದರ್ಜೆಯ ವೈನ್ ತಯಾರಿಸಲಾರಂಭಿಸಿದರು. ಚಾರ್ಲ್ಸ್ ಮೆಲ್ಟನ್ ಅವರ 'ನೈನ್ ಪೋಪ್ಸ್' ಇವುಗಳಲ್ಲಿ ಹೆಸರಾದುದು. ಗ್ರೆನಾಷ್, ಷಿರಾಜ್ ಮತ್ತು ಮೂರ್ವೆದ್ರ್ ತಳಿಗಳ ಮಿಶ್ರಣವು ಈ ಪ್ರದೇಶದ ವೈಶಿಷ್ಟ್ಯವಾಗಿದ್ದು, ಗ್ರೆನಾಷ್ ಒಂದರಿಂದಲೇ ತಯಾರಿಸಿದ ವೈನ್‌ಗಳೂ ಲಭ್ಯವಿವೆ. ಕೆಂಪು ಹಣ್ಣುಗಳ ಪರಿಮಳ ಹಾಗೂ ಸಾಂಬಾರ ಪದಾರ್ಥಗಳ ಛಾಯೆ ಇವುಗಳ ಲಕ್ಷಣ.

ಹಳೆಯ ಬಳ್ಳಿಗಳ ವರ್ಗೀಕರಣ:
2009ರಲ್ಲಿ ಜಾರಿಗೆ ಬಂದ ಬರೋಸಾ ಹಳೆಯ ಬಳ್ಳಿಗಳ ಸನ್ನದಿನಲ್ಲಿ ನಾಲ್ಕು ವರ್ಗಗಳಿವೆ:
1. ಹಳೆಯ ಬಳ್ಳಿ – 35 ವರ್ಷ ಮತ್ತು ಮೇಲ್ಪಟ್ಟು
2. ಉಳಿದುಬಂದ ಬಳ್ಳಿ – 70 ವರ್ಷ ಮತ್ತು ಮೇಲ್ಪಟ್ಟು
3. ಶತಮಾನದ ಬಳ್ಳಿ – 100 ವರ್ಷ ಮತ್ತು ಮೇಲ್ಪಟ್ಟು
4. ಪೂರ್ವಜ ಬಳ್ಳಿ – 125 ವರ್ಷ ಮತ್ತು ಮೇಲ್ಪಟ್ಟು

ಹಳೆಯ ಬಳ್ಳಿಗಳಲ್ಲಿ ಇಳುವರಿ ಕಡಿಮೆಯಾದರೂ ಹಣ್ಣಿನ ರುಚಿ ಸಾಂದ್ರವಾಗಿರುತ್ತದೆ. ಆಳಕ್ಕಿಳಿದ ಬೇರುಗಳು ಬರಗಾಲವನ್ನು ಎದುರಿಸಲು ನೆರವಾಗುತ್ತವೆ. ತೋಟವೊಂದನ್ನು ಕೀಳಲು ಕೆಲವು ದಿನಗಳು ಸಾಕು. ಶತಮಾನದ ಬಳ್ಳಿಯನ್ನು ಮರಳಿ ಪಡೆಯಲು ಶತಮಾನವೇ ಬೇಕು. ಆದುದರಿಂದ ಯಾವುದೇ ಹಳೆಯ ತಳಿಯನ್ನು ಕೈಬಿಡುವ ಮುನ್ನ ಆ ವರ್ಷದ ಮಾರುಕಟ್ಟೆ ಬೆಲೆಯೊಂದನ್ನೇ ಆಧಾರವಾಗಿಟ್ಟುಕೊಳ್ಳುವುದು ಸೂಕ್ತವಲ್ಲ ಎಂಬುದನ್ನು ಬರೋಸಾದ ಅನುಭವವು ತಿಳಿಸುತ್ತದೆ.