ಮುಗಿಸತಕ್ಕ ಹಾಡು ಯಾವುದು?

ಹಾಡು ಕಟ್ಟುವ ಅಭ್ಯಾಸವು ನಮ್ಮ ನಾಡಿನ ಗೃಹಸ್ಥರಲ್ಲಿ ಅಪೂರ್ವವಾದುದೇನೂ ಅಲ್ಲ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಇಷ್ಟದೇವತೆಯ ಮೇಲೆ ಒಂದೆರಡು ಕೀರ್ತನೆ, ಇವನ್ನು ರಚಿಸಿ ಬರೆದಿಟ್ಟ ಪುಸ್ತಕವು ಅನೇಕ ಮನೆಗಳಲ್ಲಿ ಉಂಟು. ಅದನ್ನು ತೆರೆದು ನೋಡಿದರೆ ಪಲ್ಲವಿಗಳು ಹಲವು, ಚರಣಗಳು ಕೆಲವು, ಅಂಕಿತದವರೆಗೆ ಬಂದ ಹಾಡುಗಳು ಬೆರಳೆಣಿಕೆಯವು. ಅರ್ಧಕ್ಕೆ ನಿಂತ ಹಾಡಿನ ಧಾಟಿಯು ಕಟ್ಟಿದವರ ಕಂಠದಲ್ಲಿ ಮಾತ್ರ ಇರುವುದಾದ್ದರಿಂದ, ಅವರು ತೀರಿಕೊಂಡ ದಿನವೇ ಅದೂ ತೀರಿತು. ಆದುದರಿಂದ ಯಾವುದನ್ನು ಮುಗಿಸಬೇಕು, ಯಾವುದನ್ನು ಬಿಡಬಹುದು ಎಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ಹೆಚ್ಚು ಹಾಡಿದವರೇ ಹೆಚ್ಚಿನವರೆಂಬ ಭಾವನೆ ಜನರಲ್ಲಿ ಇರುವುದಷ್ಟೆ. ಪುರಂದರದಾಸರು 4,75,000 ಹಾಡುಗಳನ್ನು ರಚಿಸಿದರೆಂದು ಪ್ರತೀತಿ. ದಾಸರ ಕಾಲವನ್ನು 1484ರಿಂದ 1564ರವರೆಗೆ ಎಂದು ಹೇಳುವರು. ಎಂಬತ್ತು ವರ್ಷಗಳೆಂದರೆ ಸುಮಾರು 29,000 ದಿನಗಳು. ಹಸುಗೂಸಾಗಿದ್ದ ದಿನಗಳನ್ನು ಸೇರಿಸಿ ಲೆಕ್ಕ ಹಾಕಿದರೂ ದಿನಕ್ಕೆ ಹದಿನಾರು ಹಾಡುಗಳಾಗುವುವು. ಈ ಸಂಖ್ಯೆಯು ಭಕ್ತರ ಗೌರವದ ಅಳತೆಯೇ ಹೊರತು ಗಣಿತದ ಅಳತೆಯಲ್ಲ. ಇಂದು ನಮಗೆ ದೊರೆಯುವ ಅವರ ಪದಗಳು ಸುಮಾರು ಒಂದು ಸಾವಿರ. ಆ ಒಂದು ಸಾವಿರವೇ ಕನ್ನಡಿಗರ ನಾಲಗೆಯನ್ನು ತಿದ್ದಿದೆ. ಇತ್ತ ತಂಜಾವೂರಿನ ಶ್ಯಾಮಾಶಾಸ್ತ್ರಿಗಳ ಕೃತಿಗಳು ತ್ಯಾಗರಾಜರವುಗಳಿಗಿಂತ ಬಹಳ ಕಡಿಮೆ. ಆದರೂ ಭೈರವಿ, ತೋಡಿ, ಯದುಕುಲಕಾಂಭೋಜಿಗಳಲ್ಲಿ ಅವರು ರಚಿಸಿದ ಮೂರು ಸ್ವರಜತಿಗಳು ವಿದ್ವಾಂಸರ ಪಾಠಕ್ರಮದಲ್ಲಿ ನೆಲೆಯಾಗಿ ನಿಂತಿವೆ.

ಹಾಗೆಂದು ಸ್ಫೂರ್ತಿ ಬಂದಾಗ ನೋಡೋಣವೆಂದು ಕೈಕಟ್ಟಿ ಕುಳಿತಿರತಕ್ಕದ್ದೂ ಅಲ್ಲ. ಸುಮಾರು 1100 ವರ್ಷಗಳ ಹಿಂದೆ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಕವಿಯ ದಿನಚರ್ಯೆಯನ್ನೇ ವಿಧಿಸಿದ್ದಾನೆ. ಹಗಲಿನ ಮೊದಲನೆಯ ಜಾವ ಶಾಸ್ತ್ರಾಭ್ಯಾಸಕ್ಕೆ, ಎರಡನೆಯದು ರಚನೆಗೆ, ಮೂರನೆಯದು ಗೋಷ್ಠಿಗೆ, ನಾಲ್ಕನೆಯದು ಬೆಳಿಗ್ಗೆ ರಚಿಸಿದ್ದರ ಪರೀಕ್ಷೆಗೆ. ರಸಾವೇಶದಲ್ಲಿ ಬರೆಯುವಾಗ ವಿವೇಚನೆಯ ದೃಷ್ಟಿ ಇರಲಾರದು. ಆದಕಾರಣ ಪರೀಕ್ಷೆಗೆ ಬೇರೊಂದು ಹೊತ್ತು ಬೇಕು. ಆಗ ಹೆಚ್ಚಾದುದನ್ನು ತೆಗೆಯಬೇಕು, ಕೊರತೆಯನ್ನು ತುಂಬಬೇಕು, ಸ್ಥಾನ ತಪ್ಪಿದ್ದನ್ನು ಸರಿಪಡಿಸಬೇಕು. ಸಂಸಾರಿಗಳಾದ ನಮಗೆ ನಾಲ್ಕು ಜಾವಗಳ ಬಿಡುವು ಎಲ್ಲಿಯದು? ಆದರೆ ಬೆಳಿಗ್ಗೆ ಅರ್ಧ ಗಂಟೆ ಕಟ್ಟುವುದಕ್ಕೂ, ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಪರೀಕ್ಷಿಸುವುದಕ್ಕೂ ಯಾರಿಗೂ ಅಡ್ಡಿಯಿರಲಾರದು. ಕಟ್ಟುವಾಗ ತಪ್ಪು ಹುಡುಕಬಾರದು. ಪರೀಕ್ಷಿಸುವಾಗ ಮಮತೆ ಕೂಡದು.

ಪರೀಕ್ಷೆ ಹೇಗೆ? ನಮ್ಮ ಅಭಿಪ್ರಾಯದಲ್ಲಿ ಮೂರು ಪ್ರಶ್ನೆಗಳು ಸಾಕು.

ಮೊದಲನೆಯದು ಶಬ್ದದ ಪ್ರಶ್ನೆ. ಒಂದು ಪದವನ್ನು ತೆಗೆದು ಅದೇ ಅರ್ಥದ ಇನ್ನೊಂದನ್ನು ಇಟ್ಟರೆ ಸಹಿಸದಂತಿರುವ ಸ್ಥಿತಿಯನ್ನು ವಾಮನನ ಅಲಂಕಾರಗ್ರಂಥದಲ್ಲಿ ಶಬ್ದಪಾಕವೆಂದು ಕರೆದಿದೆ. ಇಡೀ ಹಾಡು ಮೊದಲ ದಿನವೇ ಹೀಗೆ ಪಕ್ವವಾಗಬೇಕಾಗಿಲ್ಲ. ಪದ ಕದಲಿಸಲಾಗದ ಒಂದು ಸಾಲಾದರೂ ಅದರಲ್ಲಿ ಇದ್ದರೆ, ಆ ಸಾಲಿನ ಸಲುವಾಗಿ ಮಿಕ್ಕವನ್ನು ದುಡಿದು ತಿದ್ದುವುದು ಸಾರ್ಥಕ.

ಎರಡನೆಯದು ಪಲ್ಲವಿಯ ಪ್ರಶ್ನೆ. ಪ್ರತಿಯೊಂದು ಚರಣವೂ ಮುಗಿದು ಪಲ್ಲವಿಗೆ ಹಿಂದಿರುಗಬೇಕಷ್ಟೆ. ಹಿಂದಿರುಗಿದಾಗ ಪಲ್ಲವಿಯ ಅರ್ಥವು ಮೊದಲಿಗಿಂತ ತುಂಬಿಕೊಂಡಿದ್ದರೆ ಚರಣಕ್ಕೆ ಕೆಲಸವಿತ್ತೆಂದು ತಿಳಿಯಬೇಕು. ಎಷ್ಟು ಚರಣಗಳನ್ನು ಹೊಸೆದರೂ ಪಲ್ಲವಿಯು ಇದ್ದಂತೆಯೇ ಇದ್ದರೆ, ಅದು ಹಾಡಲ್ಲ. ಚೆನ್ನಾದ ಒಂದು ಮಾತು ಮಾತ್ರ.

ಮೂರನೆಯದು ಕಂಠದ ಪ್ರಶ್ನೆ. ಮನೆಯಲ್ಲಿ ಹಾಡಬಲ್ಲ ಸೊಸೆಗೋ ಮಗಳಿಗೋ ಎರಡು ಬಾರಿ ಹೇಳಿಕೊಟ್ಟು, ಎರಡು ದಿನ ಬಿಟ್ಟು, ಪುಸ್ತಕವಿಲ್ಲದೆ ಹಾಡಿಸಿ ಕೇಳಬೇಕು. ಅವರು ಎಲ್ಲಿ ತಡೆದರೋ ಅಲ್ಲಿ ಪ್ರಾಸಕ್ಕಾಗಿ ತುರುಕಿದ ಶಬ್ದವೋ, ತಾಳಕ್ಕಾಗಿ ಎಳೆದ ಹ್ರಸ್ವಾಕ್ಷರವೋ ಇರುವುದು. ಏನೂ ನೆನಪಿಲ್ಲದಿದ್ದರೆ ಆ ಹಾಡನ್ನು ಬಿಡಬಹುದು.

ಬಿಟ್ಟ ಹಾಡನ್ನು ಹರಿದೆಸೆಯಬೇಕಾಗಿಲ್ಲ. ರಾಗ, ತಾಳ, ದಿನಾಂಕಗಳನ್ನು ಬರೆದು ಬೇರೆ ಇಡಿರಿ. ಅದರ ಒಂದು ನುಡಿ ಮುಂದೆ ಬೇರೊಂದು ಹಾಡಿಗೆ ಒದಗೀತು.

ಮುಂದೇನು ಬರೆಯಬೇಕೆಂದು ತೋಚದವರಿಗೆ ಮುತ್ತುಸ್ವಾಮಿ ದೀಕ್ಷಿತರ ಮಾರ್ಗವಿದೆ. ಅವರು ಶ್ರೀಚಕ್ರದ ಒಂಬತ್ತು ಆವರಣಗಳಿಗೆ ಒಂದೊಂದು ಕೃತಿಯಂತೆ ಕಮಲಾಂಬೆಯನ್ನು ಸ್ತುತಿಸಿದರು. ಎಂಟು ಕೃತಿಗಳಲ್ಲಿ ಎಂಟು ವಿಭಕ್ತಿಗಳನ್ನಿಟ್ಟು ಒಂಬತ್ತನೆಯದರಲ್ಲಿ ಎಲ್ಲವನ್ನೂ ಕೂಡಿಸಿದರು. ಚೌಕಟ್ಟನ್ನು ಮೊದಲೇ ಹಾಕಿಕೊಂಡರೆ ಮುಂದಿನ ಹಾಡು ತಾನಾಗಿ ಕೈಗೆ ಬರುವುದು. ವಾರಕ್ಕೊಂದು ದೇವರ ಹಾಡು, ಋತುವಿಗೊಂದು ಹಬ್ಬದ ಹಾಡು, ಇಷ್ಟು ಸಂಕಲ್ಪವು ಗೃಹಸ್ಥನಿಗೆ ಸಾಲದೆ?

ಪರೀಕ್ಷೆಯಲ್ಲಿ ಗೆದ್ದ ಹಾಡನ್ನು ಮಾತ್ರ ನಾಳೆಗೆ ನೂಕಬಾರದು. ಆಮೇಲೆ ಮುಗಿಸುವೆನು, ಆಮೇಲೆ ತಿದ್ದುವೆನು, ಆಮೇಲೆ ಗೆಳೆಯರೊಡನೆ ವಿಚಾರಿಸುವೆನು ಎಂಬ ಕವಿಯ ತೊಳಲಾಟವನ್ನು ರಾಜಶೇಖರನು ದೇಶದ ವಿಪ್ಲವದ ಜೊತೆಗೇ ಗ್ರಂಥನಾಶದ ಕಾರಣಗಳಲ್ಲಿ ಎಣಿಸಿದ್ದಾನೆ! ಮುಗಿದ ಕೃತಿಗೆ ಹಲವು ಪ್ರತಿಗಳನ್ನು ಮಾಡಿಸಬೇಕೆಂದೂ ಅವನು ಹೇಳುತ್ತಾನೆ. ಈ ಮಾತಿನ ಬೆಲೆಯನ್ನು ಸಂಗೀತದ ಚರಿತ್ರೆಯಲ್ಲಿ ಕಾಣಬಹುದು. ದೀಕ್ಷಿತರು 1835ರಲ್ಲಿ ದಿವಂಗತರಾದರು. ಅವರ ವಂಶದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಸಂಗೀತ ಸಂಪ್ರದಾಯ ಪ್ರದರ್ಶಿನಿಯನ್ನು ಸ್ವರಸಹಿತವಾಗಿ ಅಚ್ಚುಮಾಡಿಸಿದ್ದರಿಂದ ಆ ಕೃತಿಗಳ ಪಾಠವು ನಮಗೆ ಉಳಿಯಿತು. ಮಹಾತ್ಮರ ಹಾಡಿಗೇ ಕಾಗದದ ಆಶ್ರಯ ಬೇಕಾಗಿರಲು, ನಮ್ಮ ಆರತಿಯ ಹಾಡಿಗೆ ಬೇಡವೆ?

ಆದುದರಿಂದ ವಾಚಕರು ಈ ತಿಂಗಳಲ್ಲಿ ಬಿಡುವು ಮಾಡಿಕೊಂಡು ತಮ್ಮ ಹಾಡಿನ ಪುಸ್ತಕವನ್ನು ಹೊರತೆಗೆಯಲಿ. ಅರ್ಧಕ್ಕೆ ನಿಂತವುಗಳಲ್ಲಿ ಮೇಲಿನ ಮೂರು ಪ್ರಶ್ನೆಗಳಿಗೆ ನಿಲ್ಲುವುವನ್ನು ಆರಿಸಲಿ. ಮೂರು ದೊರೆತರೆ ಮೂರು, ಒಂದೇ ಆದರೆ ಒಂದು. ಅದನ್ನು ಕಡೆಯ ಚರಣದವರೆಗೆ ಕೊಂಡೊಯ್ದು, ಅಂಕಿತವನ್ನಿಟ್ಟು, ಎರಡು ಪ್ರತಿ ಬರೆದು, ಮನೆಯ ಮಗುವೊಂದಕ್ಕೆ ಧಾಟಿಸಹಿತ ಕಲಿಸಲಿ.