ಒಳಾಂಗಣ ಮತ್ತು ಅಂಕಣ: ತೊಟ್ಟಿಮನೆಯ ವಿನ್ಯಾಸ ಪರಿಭಾಷೆ

ಮನೆಯ ಒಳಭಾಗವನ್ನು ಯೋಜಿಸುವ ಕಲೆಗೆ ಕನ್ನಡದಲ್ಲಿ ‘ಒಳಾಂಗಣ ವಿನ್ಯಾಸ’ವೆಂಬ ಹೆಸರು ರೂಢವಾಗಿದೆ. ಅಂಗಣವೆಂದರೆ ಬಯಲು, ಒಳಾಂಗಣವೆಂದರೆ ಮನೆಯೊಳಗಿನ ಬಯಲು, ಅರ್ಥಾತ್ ತೊಟ್ಟಿ. ಮುಚ್ಚಿದ ಕೋಣೆಗಳಿಗೆ ಇಂದು ಸಲ್ಲುತ್ತಿರುವ ಪದದ ಮೂಲಾರ್ಥ ತೆರೆದ ಆಕಾಶವಾಗಿರುವುದು ಗಮನಾರ್ಹ.

ಹಳೆಯ ಮೈಸೂರು ಪ್ರಾಂತ್ಯದ ತೊಟ್ಟಿಮನೆಗಳಲ್ಲಿ ಬೆಳಕು ಮುಖ್ಯವಾಗಿ ಈ ಬಯಲಿನಿಂದಲೇ ಒಳಗಿಳಿಯುತ್ತದೆ. ಸುತ್ತಲಿನ ಪಡಸಾಲೆ ಅರೆಬೆಳಕಿನದು. ಅದರಾಚೆಯ ಕೋಣೆಗಳು ಇನ್ನೂ ಮಬ್ಬು. ಬೆಳಕಿನ ಈ ತರತಮವೇ ಬಳಕೆಯನ್ನು ನಿರ್ಧರಿಸಿತು: ಧಾನ್ಯವನ್ನು ಹಸನುಗೊಳಿಸುವುದು ತೊಟ್ಟಿಯ ಅಂಚಿನಲ್ಲಿ, ಕೂಡಿಡುವುದು ಕತ್ತಲೆಯ ಉಗ್ರಾಣದಲ್ಲಿ. ದಪ್ಪ ಮಣ್ಣಿನ ಗೋಡೆಯಲ್ಲಿ ಕೊರೆದ ಗೂಡುಗಳು ದೀಪಕ್ಕೂ ಪಾತ್ರೆಪದಾರ್ಥಗಳಿಗೂ ಎಡೆಯಾದುದರಿಂದ ಪೀಠೋಪಕರಣಗಳ ಅಗತ್ಯ ಕಡಿಮೆಯಿತ್ತು. ತೊಲೆಯ ಭಾರ ಹೊರುವ ಬೋದಿಗೆಯಲ್ಲಿಯೂ ಕೆತ್ತನೆ ಕಾಣುತ್ತದೆ.

ಇವೆಲ್ಲಕ್ಕೂ ಅಳತೆಯ ಆಧಾರ ಅಂಕಣ. ಕಂಬಕಂಬಗಳ ನಡುವಿನ ಈ ಅಂತರ ದೊರೆತ ತೊಲೆಯ ಉದ್ದವನ್ನು ಅವಲಂಬಿಸಿದುದರಿಂದ ಮರವೇ ಮನೆಯ ಅಳತೆಗೋಲಾಯಿತು. ‘ಐದಂಕಣದ ಮನೆ’ ಎಂದೊಡನೆ ವಿಸ್ತಾರದೊಂದಿಗೆ ಕಂಬಗಳ ಲಯವೂ ಕಣ್ಣಿಗೆ ಕಟ್ಟುತ್ತಿತ್ತು. ಚದರಡಿಯ ಲೆಕ್ಕ ವಿಸ್ತಾರವನ್ನಷ್ಟೇ ಹೇಳುತ್ತದೆ. ವಿನ್ಯಾಸಶಾಸ್ತ್ರಕ್ಕೆ ಹೊಸ ಪದಗಳನ್ನು ಟಂಕಿಸುವವರು ಈ ಶಬ್ದವನ್ನು ಕಡೆಗಣಿಸಿರುವುದು ವಿಷಾದಕರ. ಕಾಂಕ್ರೀಟ್ ಛಾವಣಿಯು ತೊಲೆಯನ್ನು ಅನಗತ್ಯಗೊಳಿಸಿದ ಮೇಲೆ ಅಂಕಣ ಮನೆಯಿಂದ ಹೊರಬಿದ್ದಿತು. ಇಂದು ಹೆಚ್ಚಿನ ಓದುಗರಿಗೆ ಅದು ಪತ್ರಿಕೆಯ ಪುಟದಲ್ಲಿ ಮಾತ್ರ ಪರಿಚಿತ.