ಗಾಂಜಾ ಗಿಡದಿಂದ ಫಿಟ್ಸ್‌ಗೆ ಔಷಧಿ?

ಗಾಂಜಾ ಗಿಡದಿಂದ ತೆಗೆದ ಔಷಧಿನ
ಎರಡು ವರ್ಷದ ಮಗುವಿಗೆ ಕೊಡ್ತಾರೆ ಅಂದ್ರೆ ನಂಬ್ತೀರಾ?

ಕೊಡ್ತಾರೆ.
ಅಮೆರಿಕದಲ್ಲಿ 2018ರಲ್ಲೇ ಒಪ್ಪಿಗೆ ಸಿಕ್ಕಿದೆ.
ಹೆಸರು, ಎಪಿಡಿಯೊಲೆಕ್ಸ್.

ಯಾರಿಗೆ?
ಡ್ರಾವೆ ಸಿಂಡ್ರೋಮ್‌ನಂಥ ಕಠಿಣ ಮೂರ್ಛೆರೋಗ ಇರೋ ಮಕ್ಕಳಿಗೆ.
ಡ್ರಾವೆಯಲ್ಲಿ ಸಾಮಾನ್ಯವಾಗಿ ವರ್ಷ ತುಂಬೋ ಮೊದಲೇ ಫಿಟ್ಸ್ ಶುರು.
ಎಷ್ಟು ಮಾತ್ರೆ ಬದಲಿಸಿದ್ರೂ ನಿಲ್ಲಲ್ಲ.
ಮಗು ಮಲಗಿದ್ರೂ ಅಪ್ಪ ಅಮ್ಮನಿಗೆ ನಿದ್ದೆ ಇಲ್ಲ.

ಮಗುವಿಗೆ ಅಮಲೇರಲ್ವಾ?
ಇಲ್ಲ.
ಗೇರುಬೀಜ ನೋಡಿದ್ದೀರಲ್ಲ?
ಸಿಪ್ಪೆಯ ಎಣ್ಣೆ ತಾಗಿದ್ರೆ ಕೈ ಸುಡುತ್ತೆ.
ಒಳಗಿನ ತಿರುಳು ಪಾಯಸಕ್ಕೆ ಬೀಳುತ್ತೆ.
ಇಲ್ಲೂ ಹಾಗೇ.
ಗಿಡದಲ್ಲಿ ಅಮಲು ತರೋ ಅಂಶ ಟಿಎಚ್‌ಸಿ.
ಔಷಧಿಗೆ ಬೇರ್ಪಡಿಸಿ ತೆಗೆಯೋ ಅಂಶ ಸಿಬಿಡಿ.

ಕೆಲಸ ಮಾಡುತ್ತಾ?
2017ರಲ್ಲಿ 120 ರೋಗಿಗಳ ಮೇಲೆ ಪರೀಕ್ಷೆ ನಡೀತು.
ಸಿಬಿಡಿ ತಗೊಂಡವರಲ್ಲಿ
ತಿಂಗಳಿಗೆ ಸುಮಾರು 12 ಇದ್ದ ಫಿಟ್ಸ್, 6ಕ್ಕೆ ಇಳೀತು.
ಪೂರ್ತಿ ನಿಂತಿದ್ದು ಕೆಲವರಿಗಷ್ಟೇ.
ಆದ್ರೂ ಆ ಮನೆಗಳಿಗೆ ಅರ್ಧ ಅಂದ್ರೂ ಬಹಳ ದೊಡ್ಡದು.

ಇನ್ನೊಂದು ವಿಷಯ ಕೇಳಿ.
1839ರಲ್ಲಿ, ನಮ್ಮ ಕಲ್ಕತ್ತಾದಲ್ಲೇ,
ಡಾಕ್ಟರ್ ಓ'ಶಾನೆಸಿ
40 ದಿನದ ಹಸುಗೂಸಿನ ಫಿಟ್ಸ್‌ಗೆ
ಇದೇ ಗಿಡದ ಹನಿ ಕೊಟ್ಟು, ಮಗು ಚೇತರಿಸಿಕೊಂಡಿದ್ದನ್ನ ಬರೆದಿಟ್ಟಿದ್ರು.

ಈಗ ಎಚ್ಚರಿಕೆ.
ಸಿಬಿಡಿ ಔಷಧಿ ಎಲ್ಲ ಥರದ ಫಿಟ್ಸ್‌ಗೂ ಅಲ್ಲ.
ತೂಕಡಿಕೆ, ಭೇದಿ ಆಗಬಹುದು.
ಲಿವರ್‌ಗೆ ತೊಂದರೆ ಆಗಬಹುದು,
ಅದಕ್ಕೇ ರಕ್ತ ಪರೀಕ್ಷೆ ಮಾಡಿಸ್ತಾನೇ ಇರ್ತಾರೆ.
ಬೇರೆ ಫಿಟ್ಸ್ ಮಾತ್ರೆಗಳ ಪ್ರಭಾವವನ್ನೂ ಇದು ಬದಲಿಸುತ್ತೆ.

ಗಾಂಜಾ ಸೇದೋದು ಚಿಕಿತ್ಸೆ ಅಲ್ಲ.
ಆನ್‌ಲೈನ್‌ನಲ್ಲಿ ಕಂಡ ಎಣ್ಣೆನ ಮಗುವಿನ ಬಾಯಿಗೆ ಹಾಕಬೇಡಿ.
ಈಗ ಕೊಡ್ತಿರೋ ಮಾತ್ರೆನ ನೀವೇ ನಿಲ್ಲಿಸಬೇಡಿ.
ಸಿಬಿಡಿ ಬಗ್ಗೆ ನಿಮ್ಮ ನರರೋಗ ತಜ್ಞರನ್ನ ನೇರವಾಗಿ ಕೇಳಿ.